ಆರನೆಯ ಮೆಟ್ಟಿಲು

ತ್ಬಿಲಿಸಿಯ ಒಣಸೇತುವೆ ಸಂತೆಯಲ್ಲಿ
ಯುದ್ಧದ ಪದಕ, ಯಾರದೋ ಹಲ್ಲುಸೆಟ್ಟು
ಒಂದೇ ಚಾದರದ ಮೇಲೆ ಹರಡಿ ಕೂತಿದ್ದ ಝೌರಿ
ಈ ಹಳೇ ಜೆನಿತ್ ಕ್ಯಾಮೆರಾ ಕೈಗಿಟ್ಟ. ಏನು ಭಾರ!
"ಬೀಸಿ ಹೊಡೆದರೆ ಕಳ್ಳ ಬೀಳುತ್ತಾನೆ,
ಹಿಡಿದು ನಿಂತರೆ ಫೋಟೋ ಬೀಳುತ್ತದೆ."
ಎಣಿಕೆಯ ಮುಳ್ಳು ಕೆಟ್ಟಿತ್ತು.
ರೀಲಿನಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕ
ಬೆರಳ ಗೆಣ್ಣುಗಳ ಮೇಲೆ.

ನನ್ನ ಬಿಡಾರ ಗ್ಲದಾನಿಯಲ್ಲಿ,
ಮೆಟ್ರೋ ಇನ್ನು ಸಾಕೆಂದು ನಿಂತಮೇಲೆ
ಬಸ್ಸು ಹತ್ತಿ ಹೋಗುವ ಕಡೆ.
ಒಂಬತ್ತಂತಸ್ತಿನ ಬೂದು ಕಟ್ಟಡ.
ಲಿಫ್ಟಿನ ಬಾಯಿಗೆ ಹತ್ತು ತೇತ್ರಿ ಹಾಕಿದರೆ ಅದು ಏಳುತ್ತದೆ,
ಚಿಲ್ಲರೆಯಿಲ್ಲದ ದಿನ ಕಾಲೇ ಗತಿ.
ಇಲ್ಲಿ ಜಾಗ ಸಾಲದವರು
ಕಿಟಕಿಯಾಚೆ ಕಂಬಿ ಚಾಚಿ, ತಗಡು ಬಡಿದು
ಗಾಳಿಯಲ್ಲೇ ಕೋಣೆ ಕಟ್ಟಿಕೊಂಡಿದ್ದಾರೆ.
ಅಂಥದೊಂದರಲ್ಲಿ ನಾನು ಮಲಗುತ್ತೇನೆ,
ಮಗ್ಗುಲಾಗುವ ಮುಂಚೆ ಎರಡು ಸಲ ಯೋಚಿಸಿ.

ಕೆಲಸ ವಾಕೆಯ ಕಾಲೇಜಿನಲ್ಲಿ,
ಹುಡುಗರಿಗೆ ಎಲುಬುಗಳ ಹೆಸರು ಹೇಳಿಕೊಡುವುದು.
ಅಲ್ಲಿ ಚಿನಾರ್ ಮರದ ನೆರಳೂ
ಇಸ್ತ್ರಿ ಮಾಡಿ ಹಾಸಿದಂತಿದೆ.
ನಾಯಿಗೂ ಸ್ವೆಟರು.
ಒಂದು ಶನಿವಾರ ಯಾವುದೋ ಗೇಟಿನ ಮುಂದೆ ಲೆನ್ಸು ಎತ್ತಿದೆ,
ಕಾವಲಿನವನು ಅಂಗೈ ಅಡ್ಡ ಹಿಡಿದ.
ಆ ಅಂಗೈಯೇ ಬಿದ್ದಿದೆ ಚಿತ್ರದಲ್ಲಿ,
ಆಯುಷ್ಯರೇಖೆ ಸಮೇತ.

ಗ್ಲದಾನಿಯಲ್ಲಿ ಯಾರೂ ತಡೆಯುವುದಿಲ್ಲ.
ಅದೇ ಕಷ್ಟ.
ಗ್ಯಾರೇಜಿನ ಮರೆಯಲ್ಲಿ ನಾರ್ದಿ ಆಡುವ ಮುದುಕರು
ದಾಳ ಉರುಳಿಸದೆ ನನಗಾಗಿ ನಗುತ್ತಾರೆ.
ಹಿಪ್ಪುನೇರಳೆ ತುಳಿದ ಮಕ್ಕಳು ಅಂಗಾಲು ಎತ್ತಿ ತೋರಿಸುತ್ತಾರೆ.
ನನಗೆ ಬೇಕಾದದ್ದು ತುಕ್ಕು,
ಕಿತ್ತ ಗಾರೆ, ಕಟ್ಟಡದಿಂದ ಕಟ್ಟಡಕ್ಕೆ ಬಿಗಿದ
ಒಗೆದ ಬಟ್ಟೆಯ ಹಗ್ಗ.

ಆ ಹಗ್ಗದ ಇನ್ನೊಂದು ತುದಿಯಲ್ಲಿ ಮನೆಯೊಡತಿ ತ್ಸಿಯಾಲಾ
ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕೇಳಿದಳು:
"ನಮ್ಮ ತುಕ್ಕು ಯಾರಿಗೆ ತೋರಿಸುತ್ತೀಯ?"

ನನಗೆ ಬರುವಷ್ಟು ಜಾರ್ಜಿಯನ್ನಿನಲ್ಲಿ
ಬದನೆಕಾಯಿ ಕೊಳ್ಳಬಹುದು, ಬಾಡಿಗೆ ಕೊಡಬಹುದು,
ಕ್ಷಮೆ ಕೇಳಬಹುದು.
ಕೇಳಿದೆ.

"ಅದೆಲ್ಲ ಬೇಡ, ನನಗೊಂದು ಫೋಟೋ ತಂದುಕೊಡು."
ಕರೆಂಟಿನ ಬಿಲ್ಲಿನ ಬೆನ್ನ ಮೇಲೆ ವಿಳಾಸ ಬರೆದಳು.
ವಾಕೆ. ಎರಡನೆಯ ಬಾಗಿಲು.
"ಹನ್ನೊಂದು ವರ್ಷ ಆ ಮೆಟ್ಟಿಲು ಉಜ್ಜಿದ್ದೇನೆ.
ಆರನೆಯದರ ಎಡಮೂಲೆ ಸೀಳಿದೆ,
ಒರೆಸುವ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.
ಹಾಗೇ ಇದೆಯೋ, ನೋಡು."

ಪಿಜ್ಜಾ ಹುಡುಗನ ಬೆನ್ನಿಗೆ ಅಂಟಿ ಒಳಗೆ ಹೋದೆ.
ತಣ್ಣಗಿನ ಅಮೃತಶಿಲೆ.
ಒಂದು, ಎರಡು... ಆರು.
ನಿಂತರೆ ಸೀಳು ಕಾಣಲಿಲ್ಲ.
ಮಂಡಿಯೂರಿದೆ.
ಅಲ್ಲಿಂದ ವಾಕೆ ಬೇರೆಯೇ ಊರು:
ಬೂಟಿನ ತುದಿ, ನಾಯಿಯ ಮೂತಿ, ಇನ್ನೊಂದು ಮೆಟ್ಟಿಲು,
ಅದರಾಚೆ ಮತ್ತೊಂದು.
ಇಳಿದು ಬಂದ ಅಜ್ಜಿ ತುಪ್ಪಳದ ಕೊರಳಪಟ್ಟಿ ಸರಿಮಾಡಿಕೊಂಡು
"ಏನು ಕಳೆದುಕೊಂಡೆ?" ಎಂದಳು.
"ಇಲ್ಲ, ಸಿಕ್ಕಿತು."
ಕೈ ನಡುಗಿದರೂ ಒತ್ತಿದೆ.

ತ್ಸಿಯಾಲಾ ಕನ್ನಡಕ ಹಾಕಿ
ಗಾಳಿಕೋಣೆಯ ಬೆಳಕಿಗೆ ಹೋಗಿ
ಮೊದಲು ಫೋಟೋವನ್ನು ಏಪ್ರನ್ನಿನಿಂದ ಒರೆಸಿದಳು.
ನೋಡಿದಳು. ತಿರುಗಿಸಿ ಬೆನ್ನನ್ನೂ ನೋಡಿದಳು.
ಕಣ್ಣು ಒದ್ದೆಯಾಗಬಹುದೆಂದು ನಾನು ಕಾದೆ,
ಬೆರಳು ಆಗಲೇ ಕ್ಯಾಮೆರಾದ ಮೇಲಿತ್ತು,
ನಾಚಿಕೆಗೆಟ್ಟ ಬೆರಳು.

"ಮೂಲೆ ಬಿಟ್ಟಿದ್ದಾಳೆ" ಎಂದಳು.
"ಈಗಿನವಳು ಯಾರೋ, ಮೂಲೆ ಉಜ್ಜಲು ಬರುವುದಿಲ್ಲ."

ಫ್ರಿಜ್ಜಿನ ಮೇಲೆ ಅಯಸ್ಕಾಂತದಡಿ ಸಿಕ್ಕಿಸಿ
ಡಬ್ಬಿ ಬಗ್ಗಿಸಿ ನನ್ನ ಬೊಗಸೆಗೆ ನಾಣ್ಯ ಸುರಿದಳು.
ಬೇಡವೆಂದೆ.
"ಫೋಟೋಕ್ಕಲ್ಲ," ಎಂದಳು, "ಲಿಫ್ಟಿಗೆ."